ಗೌಡರ ಬೀರುವಿನಲ್ಲಿ ನಮ್ಮ ಹೊಲ

ಲಾಯದ ನೆಲ ಒಣಗಿತ್ತು. ನನಗೆ ಬೇಕಾಗಿದ್ದುದು ಅಷ್ಟೇ.

ಬೇರೆಯವರು ಜಮೀನು ಕೊಳ್ಳಲು ಹೋದರೆ ಮಣ್ಣು ನೋಡುತ್ತಾರೆ, ಬೋರಿನಲ್ಲಿ ನೀರು ಎಷ್ಟು ಅಂತ ಕೇಳುತ್ತಾರೆ. ನಾನು ಮಂಡಿಯೂರಿ ಕೂತು ಕಲ್ಲುಹಾಸಿನ ಮೇಲೆ ಅಂಗೈ ಇಟ್ಟೆ. ಪಸೆ ಇರಲಿಲ್ಲ. ಮೇಲೆ ತಗಡು. ಆರು ಕುದುರೆ ಕಟ್ಟುವಷ್ಟು ಜಾಗ, ಆರು ಗೋದಲಿ, ಮುಂದೆ ಒಂದೂವರೆ ಎಕರೆ ಹುಲ್ಲು. ನಾನು ಮೊಬೈಲ್ ತೆಗೆದು ಮೂವತ್ತು ಫೋಟೋ ಹೊಡೆದೆ.

ನಮ್ಮಲ್ಲಿ ಎರಡು ಕುದುರೆ ಇವೆ. ಬಿಳಿಯದು ಮೋತಿ, ಕೆಂದು ಬಣ್ಣದ್ದು ಚಿನ್ನಿ. ರಾಯದುರ್ಗ, ಬಳ್ಳಾರಿ, ಬೊಮ್ಮನಹಾಳ್, ಎಲ್ಲಿ ಮದುವೆ ಮೆರವಣಿಗೆ ಇದ್ದರೂ ನಾನು ಮತ್ತು ಅಪ್ಪ ಹೊಡೆದುಕೊಂಡು ಹೋಗುತ್ತೇವೆ. ಮದುಮಗ ಮೇಲೆ ಕೂರುತ್ತಾನೆ. ನಾವು ಲಗಾಮು ಹಿಡಿದು ಕೆಳಗೆ ನಡೆಯುತ್ತೇವೆ. ಊಟದ ಹೊತ್ತಿಗೆ ನಮ್ಮ ಎಲೆ ಪೆಂಡಾಲಿನ ಹೊರಗೆ, ಜನರೇಟರ್ ಪಕ್ಕ. ಮಾದಿಗರ ಕುದುರೆ ಎಂದು ಗೊತ್ತಿದ್ದೂ ಏರುತ್ತಾರೆ. ಕುದುರೆಗೆ ಮೈಲಿಗೆ ಇಲ್ಲ. ಕುದುರೆ ಸಾಕಿದವರಿಗೆ ಇದೆ.

ಅವು ನಿಲ್ಲುವುದು ನಮ್ಮ ಕೇರಿಯ ತುದಿಯಲ್ಲಿ, ಚರಂಡಿ ಬಾಯಿಯಲ್ಲಿ. ಊರಿನ ನೀರೆಲ್ಲ ಹರಿದು ಬಂದು ಅಲ್ಲಿ ನಿಲ್ಲುತ್ತದೆ. ಬೇರೆ ಜಾಗ ಇಲ್ಲ. ಹಗಲೂ ರಾತ್ರಿ ಕೆಸರಿನಲ್ಲಿ ನಿಂತು ಗೊರಸು ಕೊಳೆಯತೊಡಗಿತು. ದಿನಾ ಬೆಳಿಗ್ಗೆ ನಾನು ಚಿನ್ನಿಯ ಕಾಲನ್ನು ತೊಡೆಯ ನಡುವೆ ಹಿಡಿದು, ಕೊಕ್ಕೆಯಿಂದ ಗೊರಸಿನ ಸಂದಿಯ ಕಪ್ಪು ಕೆಸರು ಕೆರೆದು ತೆಗೆಯುತ್ತೇನೆ. ಸತ್ತ ಇಲಿಯ ವಾಸನೆ. ಮೈಲುತುತ್ತದ ನೀರು ಹೊಯ್ಯುತ್ತೇನೆ. ಅದು ನಡುಗುತ್ತದೆ. ಕಾಲು ಕೆಳಗಿಟ್ಟರೆ ಮತ್ತೆ ಅದೇ ಕೆಸರು. ನಾನು ಡಿಗ್ರಿ ಓದಿದವಳು, ಗೊರಸಿನ ಬಗ್ಗೆ ನೂರು ವಿಡಿಯೋ ನೋಡಿದವಳು. ಎಲ್ಲ ವಿಡಿಯೋದಲ್ಲೂ ಕೊನೆಗೆ ಹೇಳುವುದು ಒಂದೇ ಮಾತು. ಒಣ ನೆಲ. ದನದ ಡಾಕ್ಟರೂ ಅದನ್ನೇ ಹೇಳಿದರು. ಚಿನ್ನಿಗೆ ಈಗ ಒಂಬತ್ತು ತಿಂಗಳ ಗಬ್ಬ. ಮಳೆಗಾಲ ಹಿಡಿದರೆ ತಾಯಿಯೂ ಉಳಿಯುವುದಿಲ್ಲ, ಮರಿಯೂ ಉಳಿಯುವುದಿಲ್ಲ ಎಂದರು.

ರಸ್ತೆ ಬದಿಯ ಖಾಲಿ ಕೋಳಿ ಶೆಡ್ಡಿನವನನ್ನು ಕೇಳಿದೆ. ಅವನು ಒಳ್ಳೆಯ ಮನುಷ್ಯನೇ.

"ಕುದುರಿ ಕಟ್ರಿ, ಬ್ಯಾಡನ್ನಂಗಿಲ್ಲ. ನೀವು ಮಾತ್ರ ಒಳಗ ಅಡ್ಡಾಡಬ್ಯಾಡ್ರಿ. ಹುಲ್ಲು ಗ್ವಾಡಿ ಮ್ಯಾಲಿಂದ ಒಗೀರಿ."

"ಲದ್ದಿ ಯಾರು ತೆಗೀತಾರ್ರಿ?"

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಅದಕ್ಕ ಬರ್ರಿ."

ಹಾಗಾಗಿ ಸಣ್ಣಬಸಪ್ಪ ಗೌಡರ ಲಾಯ ಮಾರಾಟಕ್ಕಿದೆ ಎಂದು ಕೇಳಿದಾಗ ನಾನು ಕುಣಿದುಬಿಟ್ಟೆ. ಓಬಳಾಪುರದ ಕಡೆ ಅದಿರಿನ ಲಾರಿಗಳು ಓಡುತ್ತಿದ್ದ ಕಾಲದಲ್ಲಿ ಗೌಡರ ಮಗ ಗೋವರ್ಧನ್ ಲಾರಿ ಇಟ್ಟಿದ್ದ. ಶೋಕಿಗೆ ಆರು ಕುದುರೆ ತಂದು ಈ ಲಾಯ ಕಟ್ಟಿಸಿದ. ನಮ್ಮಪ್ಪ ಗೋಪಣ್ಣ ಅಲ್ಲಿ ಒಂಬತ್ತು ವರ್ಷ ಲದ್ದಿ ಬಾಚಿದ, ಮೈ ತಿಕ್ಕಿದ, ಒದೆಸಿಕೊಂಡ. ಅಪ್ಪನ ಎಡಗಡೆ ಎರಡು ಪಕ್ಕೆಲುಬು ಇನ್ನೂ ಸೊಟ್ಟಗಿವೆ. ಲಾರಿ ನಿಂತವು, ಕುದುರೆ ಮಾರಿದರು. ಯಾರೂ ಕೊಳ್ಳದ ಒಂದು ಕುಂಟು ಕುದುರೆಯನ್ನು ಅಪ್ಪನಿಗೆ ಬಿಟ್ಟರು. ಅದರ ಮಗಳೇ ಚಿನ್ನಿ.

ಗೌಡರು ಇಷ್ಟು ಬೇಗ ಒಪ್ಪುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ದುಡ್ಡಿನ ಮಾತು ಎರಡೇ ನಿಮಿಷದಲ್ಲಿ ಮುಗಿಯಿತು. ಅವರು ಕಟ್ಟೆಯ ಮೇಲೆ, ನಾವು ಅಂಗಳದಲ್ಲಿ.

"ನೀವು ಅಲ್ಲೇ ದುಡದವ್ರು. ನಿಮಗಿಲ್ಲದ ಜಾಗ ಯಾರಿಗಪ್ಪ," ಅಂದರು. "ರಿಜಿಸ್ಟ್ರೇಷನ್ ದಿನ ನಿಮ್ಮವ್ವನ್ನೂ ಕರಕೊಂಡು ಬಾ, ಗೋಪ. ಒಂದು ಹೆಬ್ಬಟ್ಟು ಹಾಕ್ಲಿ."

"ಅಜ್ಜಿ ಯಾಕ್ರಿ?" ಎಂದೆ ನಾನು.

"ಮನಿಗೆ ಹಿರೇಳಲ್ಲೇನವ್ವ. ಹಿರೇರ ಕೈಯಿಂದ ಆದ್ರ ಚೊಲೋ."

ನನಗೆ ಅದು ಚೆಂದ ಕಂಡಿತು. ಅಪ್ಪ ನೆಲ ನೋಡುತ್ತಿದ್ದ. ಅಪ್ಪ ಯಾವಾಗಲೂ ನೆಲವನ್ನೇ ನೋಡುತ್ತಾನೆ, ಅದಕ್ಕೇ ನಾನು ಏನೂ ಅಂದುಕೊಳ್ಳಲಿಲ್ಲ.

"ಅಷ್ಟರಾಗ ಲಾಯ ಹಸನು ಮಾಡ್ಕೊಳ್ರಿ," ಅಂದರು ಗೌಡರು. "ಹ್ಯಾಂಗಿದ್ರೂ ನಿಮ್ದಾಗೋದಲ್ಲ."

ಎಂಟು ದಿನ ಹಸನು ಮಾಡಿದೆವು. ಹತ್ತು ವರ್ಷದ ಹಳೆಯ ಲದ್ದಿ ಮಣ್ಣಾಗಿ ಗಟ್ಟಿಯಾಗಿತ್ತು, ಗುದ್ದಲಿಯಿಂದ ಅಗೆದೆವು. ಬಾವಲಿಯ ಹಿಕ್ಕೆ, ಒಡೆದ ಬಾಟಲಿ, ತುಕ್ಕು ಹಿಡಿದ ಲಾರಿಯ ಪಟ್ಟಿಗಳು. ಎರಡು ಹಾವು. ಬುಟ್ಟಿಯಲ್ಲಿ ತುಂಬಿ, ತಲೆ ಮೇಲೆ ಹೊತ್ತು, ಹೊರಗೆ ಸುರಿದೆವು. ನನ್ನ ಅಂಗೈ ಬೊಬ್ಬೆ ಒಡೆದು ಗುದ್ದಲಿ ಹಿಡಿಗೆ ಅಂಟಿಕೊಳ್ಳುತ್ತಿತ್ತು. ಆದರೂ ಖುಷಿ. ಇಲ್ಲಿ ಚಿನ್ನಿ, ಇಲ್ಲಿ ಮೋತಿ, ಇಲ್ಲಿ ಹುಟ್ಟುವ ಮರಿ. ಮಿಕ್ಕ ಮೂರರಲ್ಲಿ ಬೇರೆಯವರ ಕುದುರೆ ಕಟ್ಟಿಸಿಕೊಂಡು ಸವಾರಿ ಕಲಿಸುವುದು. ಬಾಯಿ ನಿಲ್ಲಿಸದೆ ಹೇಳುತ್ತಲೇ ಇದ್ದೆ. ಅಪ್ಪ ಹೂಂ ಎನ್ನುತ್ತಲೂ ಇರಲಿಲ್ಲ.

ಒಂದು ದಿನ ಅಜ್ಜಿ ದ್ಯಾಮಮ್ಮ ಬುತ್ತಿ ತಂದಳು. ನಾವು ಲಾಯದಲ್ಲಿ ಉಂಡೆವು. ಅವಳು ಹೊರಗೆ ಹೋಗಿ ಹುಲ್ಲಿನ ನಡುವೆ ಅಡ್ಡಾಡಿ, ಒಂದು ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಕಲ್ಲಿನ ಬುಡದ ಕಳೆ ಕಿತ್ತಳು. ಬರಿಗೈಯಿಂದ, ಬೇರು ಸಮೇತ. ವಯಸ್ಸಾದವರಿಗೆ ಕೈ ಸುಮ್ಮನಿರುವುದಿಲ್ಲ ಎಂದುಕೊಂಡೆ.

ಒಂಬತ್ತನೆಯ ದಿನ ನಾನು ದಸ್ತಾವೇಜು ಬರೆಯುವ ರಾಮಾಂಜಿಗೆ ಫೋನು ಮಾಡಿದೆ. ರಿಜಿಸ್ಟ್ರೇಷನ್ನಿಗೆ ಇನ್ನೂ ಎರಡು ದಿನ ಇತ್ತು. ನನಗೆ ತಡೆಯಲಾಗಲಿಲ್ಲ. ಜಮೀನಿನ ಕಾಗದದಲ್ಲಿ ನನ್ನ ಹೆಸರು ಹೇಗೆ ಕಾಣುತ್ತದೆ ನೋಡಬೇಕಿತ್ತು.

"ಅಣ್ಣಾ, ಡ್ರಾಫ್ಟ್ ವಾಟ್ಸಾಪ್ ಮಾಡ್ತೀಯಾ? ನನ್ನ ಹೆಸರಿನ ಸ್ಪೆಲಿಂಗ್ ನೋಡಬೇಕು."

ಅವನು ಕೆಲಸದ ಗಡಿಬಿಡಿಯಲ್ಲಿದ್ದ. ಕಳಿಸಿಬಿಟ್ಟ.

ಏಳು ಪುಟ, ತೆಲುಗಿನಲ್ಲಿ. ನಮ್ಮೂರು ಆಂಧ್ರಕ್ಕೆ ಸೇರಿದ್ದು, ನಾನು ಓದಿದ್ದು ತೆಲುಗು ಶಾಲೆಯಲ್ಲೇ. ಮಂಗಳಾ ಎಂಬ ಹೆಸರನ್ನು ಮೊದಲ ಪುಟದಲ್ಲಿ ಹುಡುಕಿದೆ. ಕೊನೆಯ ಪುಟದಲ್ಲಿ ಹುಡುಕಿದೆ. ಮತ್ತೆ ಮೊದಲಿನಿಂದ ಓದಿದೆ. ಎಲ್ಲೂ ಇರಲಿಲ್ಲ.

ಕೊಳ್ಳುವವರು, ಗೌಡರ ಮಗ ಗೋವರ್ಧನ್. ಮಾರುವವರು, ದ್ಯಾಮಮ್ಮ. ಜಮೀನು ನಾಲ್ಕೂವರೆ ಎಕರೆ, ಅದರಲ್ಲಿ ಕುದುರೆ ಲಾಯ ಒಂದು.

ಅಜ್ಜಿ ಒಲೆಯ ಮುಂದೆ ಇದ್ದಳು. ನಾನು ಮೊಬೈಲನ್ನು ಅವಳ ಮುಖದ ಮುಂದೆ ಹಿಡಿದೆ, ಅವಳಿಗೆ ಓದು ಬರುವುದಿಲ್ಲ ಎನ್ನುವುದನ್ನೂ ಮರೆತು.

"ಅಜ್ಜಿ, ಲಾಯದ ಜಾಗ ಯಾರ್ದು?"

"ನಮ್ದು," ಅಂದಳು. ರೊಟ್ಟಿ ತಿರುವಿ ಹಾಕಿದಳು.

"ನಮ್ದು ಅಂದ್ರ?"

"ನಂದು. ಆಫೀಸರ್ ಬಂದು, ಕೇರಿ ಮುಂದ ಕುರ್ಚಿ ಹಾಕ್ಕೊಂಡು ಹಂಚಿದ. ಹತ್ತು ಮನಿಗೆ ಹತ್ತು ಪಟ್ಟಾ. ನಾಲ್ಕು ವರ್ಷ ಕಲ್ಲು ಆರಿಸೀವಿ ನಾನು, ನಿಮ್ಮ ತಾತ. ನವಣಿ ಬೆಳದೀವಿ."

"ಬುಕ್ಕು ಎಲ್ಲೈತಿ?"

"ಗೌಡ್ರ ಬೀರುವಿನಾಗ. ಇಡಕ್ಕ ಕೊಟ್ಟೀವಿ."

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಆಗ ಕೇರಿಯಲ್ಲಿ ಇದ್ದದ್ದು ಹುಲ್ಲಿನ ಗುಡಿಸಲು. ಮೇಲಿಂದ ಸೋರುತ್ತಿತ್ತು, ಕೆಳಗಿಂದ ಗೆದ್ದಲು. ಒಬ್ಬರ ಮನೆಯಲ್ಲೂ ಪೆಟ್ಟಿಗೆ ಇರಲಿಲ್ಲ. ಸರ್ಕಾರದ ಕಾಗದ, ಹಾಳಾದರೆ ಜೈಲಿಗೆ ಹಾಕುತ್ತಾರೆ ಎಂದು ಹೆದರಿಕೆ. ಊರಿನಲ್ಲಿ ಕಬ್ಬಿಣದ ಬೀರು ಇದ್ದದ್ದು ಗೌಡರ ಮನೆಯಲ್ಲಿ ಮಾತ್ರ. ಹತ್ತು ಮನೆಯವರೂ ಹತ್ತು ಪಟ್ಟಾ ಬುಕ್ಕನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಒಯ್ದು, ಕೈ ಮುಗಿದು, ಇಟ್ಟುಕೊಳ್ಳಿ ಎಂದು ಬೇಡಿಕೊಂಡು ಕೊಟ್ಟು ಬಂದರು. ಐದನೆಯ ವರ್ಷ ನಮ್ಮವರು ಬೊಮ್ಮನಹಾಳ್ ಕಾಲುವೆ ಕಡೆ ಭತ್ತ ನಾಟಿಗೆ ಹೋದರು. ತಿರುಗಿ ಬಂದಾಗ ಆಗಿನ ಗೌಡರು, ಇವರ ಅಪ್ಪ, ಬಿತ್ತಿಸಿದ್ದರು. ಬೇಲಿ ಬಿದ್ದಿತ್ತು. ಕಳೆ ತೆಗೆಯಲು ಕೂಲಿಗೆ ಕರೆದರು. ಹೋದರು.

"ಕೇಳ್ಲಿಲ್ಲೇನು ಅಜ್ಜಿ ನೀನು?"

"ಬಾಯಿ ಎಲ್ಲಿತ್ತವ್ವ ನಮಗ."

"ನಾನು ಕೊಂಡ್ಕೋತೀನಿ ಅಂತ ಎಂಟು ದಿನದಿಂದ ಕುಣೀತಿದ್ನಲ್ಲ, ಆಗ್ಲಾದ್ರೂ?"

"ಹ್ಯಾಂಗಾರ ಆಗ್ಲಿ, ನಿನ್ನ ಕೈಗೆ ಬರ್ತೈತಲ್ಲ ಅಂತ ಸುಮ್ನಿದ್ದೆ."

ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಮುಖ ನೋಡಿದರೆ ಸಾಕಿತ್ತು. ಅವನಿಗೂ ಗೊತ್ತಿತ್ತು. ತನ್ನವ್ವನ ಹೊಲದಲ್ಲಿ ಒಂಬತ್ತು ವರ್ಷ ಪರರ ಲದ್ದಿ ಬಾಚಿದ್ದ. ಅಲ್ಲೇ ಪಕ್ಕೆ ಮುರಿಸಿಕೊಂಡಿದ್ದ. ಕೇರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ, ಓದಿದವಳು.

ಅವತ್ತು ಮಧ್ಯಾಹ್ನವೇ ನಾನು ಗ್ರಾಮ ಸಚಿವಾಲಯಕ್ಕೆ, ಅಂದರೆ ಊರಿನ ಸರ್ಕಾರಿ ಕಚೇರಿಗೆ, ಹೋಗಿ ಅಡಂಗಲ್ ತೆಗೆಸಿದೆ. ಪಹಣಿ ಇದ್ದ ಹಾಗೆ ಅದು. ಜಮೀನು ಯಾರ ಹೆಸರಿಗಿದೆ ಎಂಬುದಕ್ಕೆ ಒಂದು ಕಾಲಂ, ಯಾರು ಅನುಭವಿಸುತ್ತಿದ್ದಾರೆ ಎಂಬುದಕ್ಕೆ ಇನ್ನೊಂದು. ಹೆಸರು ದ್ಯಾಮಮ್ಮ. ಅನುಭವ ಗೋವರ್ಧನ್. ಒಂದೇ ಸಾಲಿನಲ್ಲಿ ಅಕ್ಕಪಕ್ಕ, ಏನೂ ಆಗಿಲ್ಲವೆಂಬಂತೆ.

ಕಂಪ್ಯೂಟರ್ ಮುಂದಿದ್ದ ಹುಡುಗಿ ರಮ್ಯಶ್ರೀ ಮಡಕಶಿರಾ ಕಡೆಯವಳು. ಅವಳೇ ಬಿಡಿಸಿ ಹೇಳಿದಳು.

"ಇದು ಗೌರ್ಮೆಂಟು ಕೊಟ್ಟಿದ್ ಜಮೀನು ಕಣಕ್ಕ. ಮೊದ್ಲು ಯಾರೂ ಮಾರಂಗೇ ಇರ್ಲಿಲ್ಲ. ಈಗ ರೂಲ್ಸು ಬದ್ಲಾಗೈತೆ. ಇಪ್ಪತ್ತು ವರ್ಷ ಆಗಿದ್ರೆ ಮಾರ್ಬೋದು, ಆದ್ರೆ ಪಟ್ಟಾ ತಗಂಡವ್ರೇ ಮಾರ್ಬೇಕು. ನಿಮ್ಮಜ್ಜಿ ಹೆಬ್ಬಟ್ಟು ಒತ್ತದೆ ಅವ್ರಿಗೆ ಏನೂ ಆಗಲ್ಲ."

"ಒತ್ತಿದ್ರೆ?"

"ಒತ್ತಿದ್ರೆ ನಾಲ್ಕೂವರೆ ಎಕರೇನೂ ಅವ್ರದೇ ಕಣಕ್ಕ. ನಿಂಗ್ ಯಾವ್ ಒಂದೂವರೆ?"

ಪಟ್ಟಾ ಬುಕ್ಕಿನ ನಕಲಿಗೆ ಅರ್ಜಿ ಕೊಟ್ಟು ಬಂದೆ. ಮನೆಯಲ್ಲಿ ಅಪ್ಪನಿಗೂ ನನಗೂ ಜಗಳ. ಅಪ್ಪ ಕೂಗಾಡುವವನಲ್ಲ. ಅದೇ ನನಗೆ ಉರಿ.

"ಗೌಡ್ರು ಒಂದೂವರೆ ಎಕರೆ ಬಿಡ್ತೀನಿ ಅಂದಾರ. ಅದಾದ್ರೂ ಬರ್ಲಿ, ಮಂಗಳಾ. ಕುದುರಿ ಸಾಯ್ತಾವ."

"ನಮ್ಮ ಹೊಲಾನ ನಾವು ಕೊಂಡ್ಕೋಬೇಕಾ? ಅದೂ ಮೂರನೇ ಪಾಲು? ಅದೂ ಬರೇ ಬಾಯಿ ಮಾತಿಗೆ?"

"ಕೇಸು ಅಂದ್ರ ಎಷ್ಟು ವರ್ಷ ಗೊತ್ತೇನು ನಿನಗ? ಚಿನ್ನಿಗೆ ಉಳದಿರೋದು ಎರಡೇ ತಿಂಗಳು."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೊರಗೆ ಹೋಗಿ ಚಿನ್ನಿಯ ಕಾಲು ಎತ್ತಿ ಕೆರೆಯುತ್ತ ಕೂತೆ. ಅವತ್ತು ಕೊಕ್ಕೆಗೆ ರಕ್ತ ಬಂತು.

ರಿಜಿಸ್ಟ್ರೇಷನ್ ದಿನ ಮೂವರೂ ಗೌಡರ ಮನೆಗೆ ಹೋದೆವು, ಅಪ್ಪ ಹೆಬ್ಬಟ್ಟು ಹಾಕಿಸಲು, ನಾನು ಕೇಳಲು. ರಾಮಾಂಜಿ ಕಾಗದ ಹರಡಿಕೊಂಡು ಕಟ್ಟೆಯ ಮೇಲಿದ್ದ. ಇಂಕಿನ ಪ್ಯಾಡು ತೆರೆದಿತ್ತು. ಇಲ್ಲೇ ಪುಟಪುಟಕ್ಕೂ ಹೆಬ್ಬಟ್ಟು ಹಾಕಿಸಿ, ಆಮೇಲೆ ಕಾರಿನಲ್ಲಿ ರಾಯದುರ್ಗಕ್ಕೆ ಹೋಗುವುದು ಎಂದು ಮಾತಾಗಿತ್ತು. ಅಜ್ಜಿಗೆ ಕಾರಿನಲ್ಲಿ ಹಾಸಲು ಒಂದು ಗೋಣಿಚೀಲ ಬೇರೆ ತೆಗೆದಿಟ್ಟಿದ್ದರು, ಸೀಟು ಹೊಲಸಾಗದ ಹಾಗೆ.

"ಗೌಡ್ರೇ, ಈ ಕಾಗದದಾಗ ನನ್ನ ಹೆಸರು ಎಲ್ಲೈತ್ರಿ?" ಎಂದು ಕೇಳಿದೆ.

ಗೌಡರು ರಾಮಾಂಜಿಯನ್ನು ನೋಡಿದರು. ರಾಮಾಂಜಿ ಪ್ಯಾಡನ್ನು ನೋಡಿದ.

"ನಿಂದು ಬ್ಯಾರೆ ಕಾಗದವ್ವ."

"ತೋರಸ್ರಿ."

"ಬರಸ್ತೀನಿ."

"ಯಾವಾಗ್ರಿ?"

"ಓದಸಬ್ಯಾಡ ಅಂದಿದ್ದೆ ಗೋಪ," ಎಂದು ಅಪ್ಪನ ಕಡೆ ತಿರುಗಿ ನಕ್ಕರು. "ಕೇಳಿದೇನು? ಈಗ ನೋಡು, ನನಗ ಪಾಠ ಮಾಡ್ತಾಳ. ನನ್ನ ಮಾತು ಸಾಕಾಗಂಗಿಲ್ಲೇನು ನಿಮಗ?"

"ಸಾಕ್ರಿ ಗೌಡ್ರೇ," ಅಂದ ಅಪ್ಪ. ತಲೆ ಎತ್ತಲಿಲ್ಲ.

ಆ ಎರಡು ಮಾತಿಗೆ ನಾನು ಅಪ್ಪನನ್ನು ಅವತ್ತು ಕ್ಷಮಿಸಲಿಲ್ಲ.

"ಕೈ ಹಿಡಿಯೋ ರಾಮಾಂಜಿ. ಹೊತ್ತಾಗ್ತದ."

ರಾಮಾಂಜಿ ಇಳಿದು ಬಂದು ಅಜ್ಜಿಯ ಮಣಿಕಟ್ಟು ಹಿಡಿದ. ಅಜ್ಜಿ ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿದಳು. ಅವನು ಬಿಡಿಸಲು ನೋಡಿದ. ಕಲ್ಲು ಆರಿಸಿದ ಕೈ, ನಾಟಿ ಹಾಕಿದ ಕೈ. ಬಿಚ್ಚಲಿಲ್ಲ.

"ಮೊದ್ಲು ನನ್ನ ಬುಕ್ಕು ಕೊಡ್ರಿ," ಅಂದಳು.

"ಯಾವ ಬುಕ್ಕು?"

"ಅರಿಶಿನದ ಬಟ್ಟ್ಯಾಗ ಸುತ್ತಿ ಕೊಟ್ಟಿದ್ನಲ್ರಿ. ನಿಮ್ಮ ಅಪ್ಪಾರು ಬೀರುವಿನಾಗ ಇಟ್ರು. ನೀವೂ ಇದ್ರಿ, ಚೊಣ್ಣ ಹಾಕ್ಕೊಂಡು ಬಾಗಿಲಾಗ ನಿಂತಿದ್ರಿ."

ಗೌಡರ ಮುಖ ಬದಲಾಯಿತು. ಅದು ಸಿಟ್ಟಲ್ಲ. ಕಂಬವೊಂದು ಇದ್ದಕ್ಕಿದ್ದಂತೆ ಮಾತಾಡಿದರೆ ಆಗುವಂಥದ್ದು.

"ಅದೆಲ್ಲ ಗೆದ್ದಲು ತಿಂದು ಎಷ್ಟು ವರ್ಷ ಆತು."

ಅಜ್ಜಿ ಕಟ್ಟೆಯ ಕಡೆ ಮುಖ ಎತ್ತಿದಳು.

"ಗೆದ್ದಲು ತಿಂತೈತಿ ಅಂತ ನಿಮ್ಮ ಹತ್ರ ಇಟ್ಟಿದ್ದು. ನಿಮ್ಮ ಬೀರು ಕಬ್ಬಿಣದ್ದು."

ಕೇರಿಯವರ ಒಂದೊಂದೇ ಹೆಸರು ಹಿಡಿದು ಕೇಳಿದಳು.

"ಉಜ್ಜಿನಮ್ಮಂದು? ಕದರಮ್ಮಂದು? ಬಸಲಿಂಗಮ್ಮಂದು? ಹತ್ತೂ ತಿಂತೇನ್ರಿ? ನಿಮ್ಮ ಹೊಲದ್ದು ಒಂದಾದ್ರೂ ತಿಂತೇನು?"

"ಏ ಮುದುಕಿ, ನಾಲಗಿ ಹಿಡಿ. ಕೋರ್ಟಿಗೆ ಹೋಗು ಹೋಗು. ಅಷ್ಟು ದಿನ ನೀ ಬದುಕಿರ್ತೀ ಏನು?"

"ಇರ್ತೀನೋ ಇಲ್ಲೋ. ಬೆರಳು ಮಾತ್ರ ಕೊಡಂಗಿಲ್ರಿ."

ಅವಳು ರಾಮಾಂಜಿಯ ಕೈಯಿಂದ ಮಣಿಕಟ್ಟು ಬಿಡಿಸಿಕೊಂಡು ತಿರುಗಿ ನಡೆದಳು. ಅವಳು ಗೌಡರಿಗೆ ಬೆನ್ನು ತೋರಿಸಿದ್ದನ್ನು ಅದೇ ಮೊದಲು ನೋಡಿದೆ. ಹಿಂದಿಂದ ಬೈಗುಳ ಬಂದವು, ಕುಲದ ಹೆಸರು ಹಿಡಿದು. ಬರೆಯಲು ನನಗೇನೂ ನಾಚಿಕೆ ಇಲ್ಲ. ಆದರೆ ಅವರ ಬಾಯಿಯ ಹೊಲಸನ್ನು ನನ್ನ ಕೈಯಲ್ಲಿ ಯಾಕೆ ಹೊರಲಿ.

ದಾರಿಯುದ್ದಕ್ಕೂ ಅಪ್ಪ ನಮಗಿಂತ ಮುಂದೆ ನಡೆದ. ಎಲ್ಲ ಮುಗಿಯಿತು ಎಂದು ನನಗೂ ಅನಿಸಿತು. ಗೆದ್ದೆವು ಎಂದರೆ ಗೆದ್ದದ್ದೇನು? ಕಾಗದ ಅವರ ಹತ್ತಿರ, ಹೊಲ ಅವರ ಹತ್ತಿರ, ನಮ್ಮ ಹತ್ತಿರ ಒಂದು ಹೆಬ್ಬೆರಳು. ಕೇರಿ ಸೇರಿದಾಗ ಚಿನ್ನಿ ಚರಂಡಿ ನೀರಿನಲ್ಲಿ ನಿಂತಿತ್ತು. ಒಂದು ಕಾಲು ಎತ್ತುವುದು, ಇಳಿಸುವುದು, ಇನ್ನೊಂದು ಎತ್ತುವುದು. ಯಾವ ಕಾಲಿನ ಮೇಲೂ ಅದಕ್ಕೆ ನಿಲ್ಲಲಾಗುತ್ತಿರಲಿಲ್ಲ.

ಅಪ್ಪ ಅದನ್ನೇ ನೋಡುತ್ತ ನಿಂತ. ಆಮೇಲೆ ಗೂಟದ ಹಗ್ಗ ಬಿಚ್ಚಿದ. ಮೋತಿಯ ಹಗ್ಗ ನನ್ನ ಕೈಗೆ ಕೊಟ್ಟ.

"ಎಲ್ಲಿಗಪ್ಪ?"

"ನಡಿ."

ಹಿಂದಿನ ಕಾಲುದಾರಿ ಹಿಡಿಯುತ್ತಾನೆ ಎಂದುಕೊಂಡೆ. ಹಿಡಿಯಲಿಲ್ಲ. ಊರ ನಡುವೆ, ಅಂಗಡಿಗಳ ಮುಂದೆ, ಹಾಡುಹಗಲೇ ಹೋದೆವು. ಚಿನ್ನಿ ಕುಂಟುತ್ತಿತ್ತು. ನಾವೂ ಅದರ ಹೆಜ್ಜೆಗೇ ನಡೆದೆವು, ನಿಧಾನ. ಅಜ್ಜಿ ಹುಲ್ಲಿನ ಹೊರೆ ಹೊತ್ತು ಹಿಂದೆ.

ಚಹಾ ಅಂಗಡಿಯವನು ಕೂಗಿ ಕೇಳಿದ, "ಏನು ಗೋಪಣ್ಣ, ಯಾರ ಮದುವಿ?"

"ಮದುವಿ ಅಲ್ಲ. ಮನಿ ಒಕ್ಕಲು," ಅಂದ ಅಪ್ಪ.

ಅಪ್ಪ ಹೀಗೆ ಮಾತಾಡುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ.

ಲಾಯದ ಗೇಟಿಗೆ ಬೀಗ ಇರಲಿಲ್ಲ. ಹಸನು ಮಾಡಲಿ ಎಂದು ಅವರೇ ತೆಗೆದಿದ್ದರು. ನಮ್ಮ ಕೈಯಾರೆ ಬಾಚಿದ ನೆಲದ ಮೇಲೆ ಹುಲ್ಲು ಹಾಸಿ ಎರಡನ್ನೂ ಬಿಟ್ಟೆವು. ಸಂಜೆಯೊಳಗೆ ಗೌಡರ ಕಡೆಯವರು ಬೋರಿನ ಕರೆಂಟು ಕಡಿದರು. ದೂರದ ಕೈಪಂಪಿನಿಂದ ಕೊಡ ಕೊಡ ನೀರು ಹೊತ್ತೆ. ಒಂದು ಕುದುರೆ ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ ಎಂದು ವಿಡಿಯೋದಲ್ಲಿ ಕೇಳುವುದು ಬೇರೆ, ಹೊರುವುದು ಬೇರೆ. ಕತ್ತು ತಿರುಗಿಸಲಾಗಲಿಲ್ಲ. ಕೇರಿಯಿಂದ ಕದರಮ್ಮ ಬಂದಳು, ಒಂದು ಕೊಡ ಹೊತ್ತುಕೊಂಡು. ಮೋತಿಯ ಮುಂದೆ ಇಳಿಸಿದಳು. ಆಮೇಲೆ ಕೇಳಿದಳು, "ದ್ಯಾಮಕ್ಕ, ನಂದೂ ಹೆಸರು ಐತಂತೇನು ಆ ಕಂಪ್ಯೂಟ್ರಿನಾಗ?"

ಬೆಳಿಗ್ಗೆ ಟ್ರ್ಯಾಕ್ಟರ್ ಸದ್ದು ಕೇಳಿಸಿತು. ಗೌಡರ ಆಳು ಎರ್ರಿಸ್ವಾಮಿ ಮತ್ತೆ ಇಬ್ಬರು. ಕೈಯಲ್ಲಿ ಸರಪಳಿ, ಹೊಸ ಬೀಗ. ನಾನು ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಓಡಿದೆ. ಹೇಳಬೇಕಾದ ಮಾತೆಲ್ಲ ನನ್ನ ಬಾಯಲ್ಲಿತ್ತು. ಅಡಂಗಲ್, ಅರ್ಜಿ ನಂಬರು, ಕಾನೂನು. ಹೇಳಲು ನನಗೆ ಅವಕಾಶವೇ ಸಿಗಲಿಲ್ಲ. ಅಪ್ಪ ಆಗಲೇ ಗೇಟಿನಲ್ಲಿದ್ದ, ಲದ್ದಿ ಬಾಚುವ ಸಲಿಕೆ ಹಿಡಿದು. ತಲೆ ಎತ್ತಿ ಎರ್ರಿಸ್ವಾಮಿಯ ಮುಖವನ್ನೇ ನೋಡುತ್ತಿದ್ದ.

"ಗೋಪಣ್ಣ, ಹೊರಗ ಹೊಡಕೊಂಡು ಬಾ ಅವನ್ನ. ಗೌಡ್ರು ಬೀಗ ಹಾಕು ಅಂದಾರ."

"ಆಗಂಗಿಲ್ಲ. ಗಬ್ಬದ ಕುದುರಿ ಮಲಗೈತಿ."

ನಾನು ತಿರುಗಿ ನೋಡಿದೆ. ಚಿನ್ನಿ ನಾಲ್ಕೂ ಕಾಲು ಚಾಚಿ, ಹೊಟ್ಟೆ ಇಳಿಬಿಟ್ಟು, ಕುತ್ತಿಗೆ ನೆಲಕ್ಕಿಟ್ಟು ಮಲಗಿತ್ತು. ಹಸಿ ನೆಲದಲ್ಲಿ ಕುದುರೆ ಹಾಗೆ ಮೈ ಚೆಲ್ಲುವುದಿಲ್ಲ. ಅದು ಮಲಗಿದ್ದನ್ನು ನೋಡಿ ಎಷ್ಟು ತಿಂಗಳಾಗಿತ್ತೋ ನನಗೆ ಲೆಕ್ಕ ಸಿಗಲಿಲ್ಲ.

ಎರ್ರಿಸ್ವಾಮಿಯೂ ಕತ್ತು ಚಾಚಿ ನೋಡಿದ. ಸರಪಳಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

"ಎಬ್ಬಿಸು ಮತ್ತ."

"ಎಬ್ಬಸಂಗಿಲ್ಲ."

"ಯಾವಾಗ ಏಳ್ತೈತಿ?"

"ಅದಕ್ಕ ಬೇಕಾದಾಗ," ಅಂದ ಅಪ್ಪ. "ಅದರ ಮನಿ ಅದು."